ಎಷ್ಟು ಕೊಡುತ್ತೆ?

ತಿಪಟೂರಿನಲ್ಲಿ ನಮ್ಮ ಬೀದಿಗೆ ಯಾರು ಹೊಸ ಗಾಡಿ ತಂದರೂ ಅಪ್ಪ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಷ್ಟು ಕೊಡುತ್ತೆ?" ಬಣ್ಣ, ಕಂಪನಿ, ಬೆಲೆ ಎಲ್ಲ ಆಮೇಲೆ. ಹಸು ಕೊಂಡು ತಂದವರನ್ನೂ ಅವರು ಅದೇ ಧಾಟಿಯಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದರು. ಹಸು ಹಾಲು ಕೊಡುತ್ತದೆ, ಗಾಡಿ ಮೈಲೇಜು ಕೊಡುತ್ತದೆ. ಪ್ರೈಮರಿ ಶಾಲೆಯ ಮೇಷ್ಟರಾಗಿದ್ದ ಅಪ್ಪನ ಬಜಾಜ್ ಚೇತಕ್ ಅವರ ಲೆಕ್ಕದಲ್ಲಿ ಲೀಟರಿಗೆ ನಲವತ್ತೈದು ಕೊಡುತ್ತಿತ್ತು. ಅದು ತಾನಾಗಿ ಕೊಡುತ್ತಿತ್ತು ಅನ್ನುವುದಕ್ಕಿಂತ ಅಪ್ಪ ಹಿಂಡಿಕೊಳ್ಳುತ್ತಿದ್ದರು ಅನ್ನಬೇಕು. ಇಳಿಜಾರು ಬಂದರೆ ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುತ್ತಿದ್ದರು. ರಿಸರ್ವೂ ಮುಗಿದರೆ ಸ್ಕೂಟರನ್ನು ಬಾಗಿಸಿ, ಟ್ಯಾಂಕಿನ ಮೂಲೆಯಲ್ಲಿ ಉಳಿದ ನಾಲ್ಕು ಹನಿಯಲ್ಲಿ ಬಂಕಿನವರೆಗೆ ಹೋಗುತ್ತಿದ್ದರು. ಹಿಂದೆ ಕೂತ ನನಗೆ ಆ ಇಳಿಜಾರಿನ ನಿಶ್ಶಬ್ದ ಬಹಳ ಇಷ್ಟವಾಗುತ್ತಿತ್ತು.

ಇದು ಅಪ್ಪನ ಗುಣ ಎಂದು ಬಹಳ ಕಾಲ ನಂಬಿದ್ದೆ. ಅವರ ಸಂಬಳದ ಗುಣವೂ ಇರಬಹುದು ಎಂದು ಅನುಮಾನ ಬಂದದ್ದು ನಾನು ಅಮೆರಿಕಕ್ಕೆ ಬಂದ ಮೇಲೆ.

2007ರಲ್ಲಿ ನಾವು ಮಿಷಿಗನ್ನಿಗೆ, ಡೆಟ್ರಾಯಿಟ್ ಪಕ್ಕದ ಒಂದು ಊರಿಗೆ ಬಂದೆವು. ಕಾರು ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ನನಗೆ ಕೆಲಸ. ಮಗಳಿಗೆ ಆಗ ಒಂದು ವರ್ಷ. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ. ಮರುವರ್ಷ ಫೋನಿನಲ್ಲಿ "ಇಲ್ಲಿ ಗ್ಯಾಸ್ ರೇಟು ಏರಿಬಿಟ್ಟಿದೆ" ಎಂದಾಗ ಅಮ್ಮ, "ಅಲ್ಲೂ ಸಿಲಿಂಡರಿಗೆ ಕಾಯಬೇಕೇನೋ?" ಎಂದು ಕೇಳಿದ್ದರು. 2008ರ ಜುಲೈನಲ್ಲಿ ಒಂದು ಗ್ಯಾಲನ್ನಿನ, ಅಂದರೆ ಸುಮಾರು 3.8 ಲೀಟರಿನ, ರಾಷ್ಟ್ರೀಯ ಸರಾಸರಿ ಬೆಲೆ 4.11 ಡಾಲರ್ ಮುಟ್ಟಿತು. ನಮ್ಮ ಕಡೆಯವರಿಗೆ ಇದು ಅಗ್ಗವೇ. ಆದರೆ ಬಸ್ಸಿಲ್ಲದ ಊರಿನಲ್ಲಿ, ದಿನಕ್ಕೆ ನೂರು ಕಿಲೋಮೀಟರ್ ಓಡಾಡುವವರಿಗೆ ಬಂಕಿನ ಕಂಬದ ಮೇಲಿನ ಆ ಅಂಕಿ ಜಾತಕದ ಹಾಗೆ. ದಿನವೂ ನೋಡುತ್ತಿದ್ದರು, ದಿನವೂ ಅದರ ಬಗ್ಗೆಯೇ ಮಾತಾಡುತ್ತಿದ್ದರು.

ಆ ಬೇಸಿಗೆಯಲ್ಲಿ ಜನ ಬದಲಾದದ್ದನ್ನು ಕಣ್ಣಾರೆ ಕಂಡೆ. ವರ್ಷಗಳಿಂದ ಮಾರಾಟದಲ್ಲಿ ಮೊದಲ ಸ್ಥಾನ ಬಿಡದಿದ್ದ ಫೋರ್ಡ್‌ನ ಎಫ್ ಸರಣಿಯ ಪಿಕಪ್ಪನ್ನು ಮೇ ತಿಂಗಳಲ್ಲಿ ಹೋಂಡಾ ಸಿವಿಕ್ ಹಿಂದೆ ಹಾಕಿತು. ಜೂನ್ ಮೊದಲ ವಾರ ಜನರಲ್ ಮೋಟಾರ್ಸ್ ತನ್ನ ನಾಲ್ಕು ಟ್ರಕ್ ಕಾರ್ಖಾನೆಗಳನ್ನು ಮುಚ್ಚುವುದಾಗಿ ಹೇಳಿತು. ದಾವಣಗೆರೆ ಕಡೆಯ ಒಬ್ಬ ಗೆಳೆಯ ತನ್ನ ಎರಡು ವರ್ಷದ ಎಸ್‌ಯುವಿಯನ್ನು ಸಿಕ್ಕಿದ ಬೆಲೆಗೆ ಮಾರಿ, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಪ್ರಿಯಸ್ ಕೊಂಡ. ನಾನು ಒಂದು ಸಣ್ಣ ಜಪಾನಿ ಕಾರು ಕೊಂಡೆ. ಅಪ್ಪನಿಗೆ ಲೆಕ್ಕ ಹಾಕಿ ಹೇಳಿದೆ: "ಲೀಟರಿಗೆ ಹದಿಮೂರು ಕೊಡುತ್ತೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾರಿಗೆ ಪರವಾಗಿಲ್ಲ ಬಿಡು" ಎಂದರು.

ಅಪ್ಪನ ಮಗ ಎಂಬ ಹೆಮ್ಮೆ ಆ ದಿನಗಳಲ್ಲಿ ನನಗೆ ಬೇಕಾದಷ್ಟಿತ್ತು. ಹೆದ್ದಾರಿಯಲ್ಲಿ ದೊಡ್ಡ ಪಿಕಪ್‌ನಲ್ಲಿ ಒಬ್ಬನೇ ಕೂತು ಹೋಗುವವನನ್ನು ಕಂಡರೆ ಒಳಗೊಳಗೇ ಒಂದು ಪ್ರವಚನ ಶುರುವಾಗುತ್ತಿತ್ತು. ಆಮೇಲೆ ಶೇರು ಮಾರುಕಟ್ಟೆ ಕುಸಿಯಿತು, ಎಣ್ಣೆ ಕೇಳುವವರಿಲ್ಲವಾಯಿತು. ಡಿಸೆಂಬರ್ ಕೊನೆಗೆ ಅದೇ ಗ್ಯಾಲನ್ನಿಗೆ 1.60 ಡಾಲರ್ ಆಸುಪಾಸು. ಪ್ರಿಯಸ್ ಕೊಂಡ ಗೆಳೆಯ ಕಾಗದ ಪೆನ್ನು ಹಿಡಿದು ಕೂತು, ಎಸ್‌ಯುವಿಯನ್ನು ನಷ್ಟಕ್ಕೆ ಮಾರಿದ್ದು ಮತ್ತು ಹೊಸದಕ್ಕೆ ಹೆಚ್ಚು ಕೊಟ್ಟದ್ದು ಇಂಧನದ ಉಳಿತಾಯದಲ್ಲಿ ವಸೂಲಾಗಲು ಎಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕಿದ. ಉತ್ತರ ಬಂದ ಮೇಲೆ ಪರಿಸರದ ವಿಷಯ ಎತ್ತುವುದನ್ನು ಬಿಟ್ಟ.

ಕಾಂಟ್ 1785ರಲ್ಲಿ ಬಂದ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಅವನು ಚಿಕ್ಕ ಮಗು ಬಂದರೂ ಹೆಚ್ಚಿಗೆ ಕೀಳುವುದಿಲ್ಲ; ಎಲ್ಲರಿಗೂ ಒಂದೇ ಬೆಲೆ. ಆದರೆ ವ್ಯಾಪಾರಕ್ಕೆ ಒಳ್ಳೆಯದೆಂದು ಅವನು ಹಾಗೆ ಮಾಡುತ್ತಿದ್ದರೆ, ಮಾಡಿದ್ದು ಸರಿಯಾದರೂ ಅದಕ್ಕೆ ನೈತಿಕ ಬೆಲೆ ಇಲ್ಲ ಎಂದು ಕಾಂಟ್‌ನ ವಾದ. ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ಅಂಗಡಿಯವನ ಮೇಲೇ ಪ್ರೀತಿ. ಮಗುವಿಗೆ ಮೋಸವಾಗಲಿಲ್ಲವಲ್ಲ, ಇನ್ನೇನು ಬೇಕು? ಸುಟ್ಟ ಪೆಟ್ರೋಲು ಯಾವ ಉದ್ದೇಶದಿಂದ ಸುಟ್ಟಿತು ಎಂದು ಗಾಳಿ ಕೇಳುತ್ತದೆಯೇ? ಅಪ್ಪ ದುಡ್ಡಿಗಾಗಿ ಉಳಿಸಿದ ಪೆಟ್ರೋಲೂ ಉಳಿದ ಪೆಟ್ರೋಲೇ. ಆದರೆ ಅಂಗಡಿಯವನ ಪ್ರಾಮಾಣಿಕತೆಗೆ ಒಂದು ಅವಧಿ ಇರುತ್ತದೆ, ಅದನ್ನು ಅವನಲ್ಲ, ಮಾರುಕಟ್ಟೆ ಗೊತ್ತುಮಾಡುತ್ತದೆ ಎಂಬುದು ಆ ಡಿಸೆಂಬರಿನಲ್ಲಿ ಅರ್ಥವಾಯಿತು. ನಮ್ಮ ಪುಣ್ಯ ಜುಲೈನಿಂದ ಡಿಸೆಂಬರ್‌ವರೆಗೆ ಬಾಳಿತು.

ಈ ದೇಶಕ್ಕೆ ಇದು ಹೊಸ ಕಥೆಯೇನಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಬಂಕುಗಳ ಮುಂದೆ ಸಾಲು ನಿಂತವು, ಮರುವರ್ಷ ಹೆದ್ದಾರಿಯ ವೇಗಮಿತಿ ಗಂಟೆಗೆ 55 ಮೈಲಿಗೆ ಇಳಿಯಿತು. 1975ರ ಕಾನೂನು ಕಾರು ಕಂಪನಿಗಳಿಗೆ ಸರಾಸರಿ ಇಷ್ಟು ಮೈಲೇಜು ಕೊಡಲೇಬೇಕು ಎಂದು ವಿಧಿಸಿತು. ಆದರೆ ರೈತರು, ಗಾರೆಯವರು, ಬಡಗಿಗಳು ಬಳಸುವ ಲಘು ಟ್ರಕ್ಕುಗಳಿಗೆ ಬೇರೆ, ಸಡಿಲ ನಿಯಮ ಬಂತು. ತೊಂಬತ್ತರ ದಶಕದಲ್ಲಿ ಪೆಟ್ರೋಲ್ ಅಗ್ಗವಾದಾಗ, ಟ್ರಕ್ಕಿನ ಅಡಿಪಾಯದ ಮೇಲೆ ಮೆತ್ತನೆ ಸೀಟು ಕೂರಿಸಿದ ಎಸ್‌ಯುವಿಗಳು ಇದೇ ಸಂದಿಯಲ್ಲಿ ನುಗ್ಗಿ ಬಂದವು. ಕಾನೂನಿನ ಕಣ್ಣಿಗೆ ಟ್ರಕ್ಕು, ಮನೆಯವರ ಕಣ್ಣಿಗೆ ಕಾರು.

2009ರ ಬೇಸಿಗೆಯದನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. ಹಳೆಯ, ಹೆಚ್ಚು ಕುಡಿಯುವ ಗಾಡಿ ತಂದುಕೊಟ್ಟು ಹೊಸ ಮಿತವ್ಯಯದ ಗಾಡಿ ಕೊಂಡವರಿಗೆ ಸರಕಾರ 3,500 ಅಥವಾ 4,500 ಡಾಲರ್ ಕೊಡುವ ಯೋಜನೆ ಬಂತು. ಜನ ಇದನ್ನು ಗುಜರಿಗೆ ದುಡ್ಡು ಎಂಬ ಅರ್ಥದ ಹೆಸರಿನಿಂದ ಕರೆದರು. ಎರಡೇ ತಿಂಗಳಲ್ಲಿ ಆರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಗಾಡಿಗಳು ಬಂದವು. ತಂದುಕೊಟ್ಟವುಗಳಲ್ಲಿ ಮೊದಲ ಸ್ಥಾನ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗೆ, ಕೊಂಡವುಗಳಲ್ಲಿ ಟೊಯೋಟಾ ಕರೋಲಾಗೆ. ಹಾಗೆ ಬಂದ ಗಾಡಿ ಮತ್ತೆ ರಸ್ತೆಗೆ ಇಳಿಯಬಾರದಾದ್ದರಿಂದ ಅದರ ಎಂಜಿನ್ನನ್ನು ಕೊಲ್ಲಬೇಕಿತ್ತು. ಆಯಿಲ್ ಬಸಿದು, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಸ್ಟಾರ್ಟ್ ಮಾಡುತ್ತಿದ್ದರು. ಬಿಸಿಗೆ ಅದು ಗಾಜಿನ ಹಾಗೆ ಗಟ್ಟಿಯಾಗಿ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತಿತ್ತು. ಅದರ ವಿಡಿಯೋಗಳನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಆಫೀಸಿನವರು ನೋಡುತ್ತಿದ್ದರು. ಜೀವಮಾನವಿಡೀ ಎಂಜಿನ್ ಕಟ್ಟಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಎದ್ದು ಹೋಗುತ್ತಿದ್ದರು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. "ಓಡೋ ಗಾಡಿನೇ? ಅದೇನು ಪಾಪ ಮಾಡಿತ್ತೋ!" ಎಂದರು.

ಆಗ ನನಗೂ ಅದು ದುಂದು ಎನಿಸಿತ್ತು. ಆ ಸುರಿಯುವಿಕೆಯಲ್ಲಿ ಒಂದು ತರ್ಕ ಇತ್ತು ಎಂಬುದು ಹದಿಮೂರು ವರ್ಷದ ಮೇಲೆ ಗೊತ್ತಾಯಿತು.

2014ರ ಮಧ್ಯದಲ್ಲಿ ಪೀಪಾಯಿಗೆ ನೂರು ಡಾಲರ್ ಮೀರಿದ್ದ ಕಚ್ಚಾ ಎಣ್ಣೆ ಮರುವರ್ಷದ ಜನವರಿಗೆ ಐವತ್ತರ ಕೆಳಗಿಳಿಯಿತು. 2015ರ ವಸಂತದಲ್ಲಿ ನಾನು ಮೂರು ಸಾಲು ಸೀಟಿನ ಎಸ್‌ಯುವಿ ಕೊಂಡೆ. ಕೇಳಿದವರಿಗೆಲ್ಲ ಕಾರಣ ಕೊಟ್ಟೆ: ಅಪ್ಪ ಅಮ್ಮ ಬರುತ್ತಿದ್ದಾರೆ, ಇಲ್ಲಿ ಹಿಮ ಜಾಸ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ ಬೇಕು. ನಾಲ್ಕೂ ಚಕ್ರ ತಿರುಗಿದರೆ ಗಾಡಿ ಹೊರಡುವುದಕ್ಕೆ ಅನುಕೂಲವೇ ಹೊರತು ಮಂಜುಗಡ್ಡೆಯ ಮೇಲೆ ನಿಲ್ಲುವುದಕ್ಕಲ್ಲ ಎಂಬುದು ಎಂಜಿನಿಯರ್ ಆದ ನನಗೆ ಗೊತ್ತಿತ್ತು. ಅಪ್ಪ ಅಮ್ಮ ಇದ್ದದ್ದು ಮೂರು ತಿಂಗಳು. ಗಾಡಿ ಹತ್ತುವಾಗ ಅಪ್ಪ ಕೇಳಿಯೇ ಕೇಳಿದರು. "ಎಂಟೂವರೆ" ಎಂದೆ. "ಲಾರಿ ತಗೊಂಡ್ಯೇನೋ?" ಎಂದರು.

ನಿಜವಾದ ಕಾರಣ ಬೇರೆ. ಆ ವರ್ಷದ ಜನವರಿಯಲ್ಲಿ ನನ್ನ ಹೆಂಡತಿ ಸಣ್ಣ ಕಾರಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದಾಗ ಹಿಂದಿನಿಂದ ಪಿಕಪ್ಪೊಂದು ಜಾರಿ ಬಂದು ಗುದ್ದಿತ್ತು. ಅವನದು ವೇಗವೇನೂ ಇರಲಿಲ್ಲ. ಆದರೂ ಡಿಕ್ಕಿ ಮಡಚಿ ಹಿಂದಿನ ಸೀಟಿಗೆ ಬಂದಿತ್ತು. ಮಗಳು ಶಾಲೆಯಲ್ಲಿದ್ದಳು, ಹಿಂದಿನ ಸೀಟು ಖಾಲಿ ಇತ್ತು. ಪಿಕಪ್ಪಿಗೆ ನಂಬರ್ ಪ್ಲೇಟು ಬಾಗಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆರು ವಾರ ಕತ್ತಿಗೆ ಪಟ್ಟಿ ಹಾಕಿಕೊಂಡು ಓಡಾಡಿದ ಹೆಂಡತಿ ಒಂದು ಸಲವೂ ದೊಡ್ಡ ಗಾಡಿ ಕೊಳ್ಳೋಣ ಎನ್ನಲಿಲ್ಲ. ಕೊಂಡಾಗ ಯಾಕೆ ಎಂದೂ ಕೇಳಲಿಲ್ಲ. ಪೆಟ್ರೋಲ್ ಬೆಲೆ ಇಳಿದದ್ದು ನಮಗೆ ಕಾರಣವಾಗಿರಲಿಲ್ಲ, ಅನುಮತಿಯಾಗಿತ್ತು.

ಇಲ್ಲಿಂದ ನನ್ನ ಯೋಚನೆ ದಾರಿ ಬದಲಿಸಿತು. ದೊಡ್ಡದೋ ಚಿಕ್ಕದೋ ಎಂದಾಗ ನಾವು ಮಾತಾಡುವುದೆಲ್ಲ ಮೈಲೇಜಿನದೇ. ಅದರಲ್ಲೂ ನಮ್ಮ ಲೆಕ್ಕ ತಪ್ಪುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜಾಕ್ ಸೋಲ್ 2008ರಲ್ಲಿ ತೋರಿಸಿದ್ದು ಇದನ್ನೇ: ಗ್ಯಾಲನ್ನಿಗೆ ಇಷ್ಟು ಮೈಲಿ ಎಂಬ ಅಳತೆಯೇ ಕಣ್ಣು ಕಟ್ಟುತ್ತದೆ. ವರ್ಷಕ್ಕೆ 12,000 ಮೈಲಿ ಓಡಿಸುವವನು 15 ಕೊಡುವ ಗಾಡಿ ಬಿಟ್ಟು 20 ಕೊಡುವುದನ್ನು ಕೊಂಡರೆ 200 ಗ್ಯಾಲನ್ ಉಳಿಯುತ್ತದೆ. 30ರದ್ದು ಬಿಟ್ಟು 50ರದ್ದು ಕೊಂಡರೆ ಉಳಿಯುವುದು 160 ಮಾತ್ರ. ಸಾಧುವನ್ನು ಸಂತ ಮಾಡುವುದಕ್ಕಿಂತ ಕುಡುಕನಿಗೆ ಒಂದು ಲೋಟ ಬಿಡಿಸುವುದು ಲಾಭ. ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಬೆರಳು ಮಡಚಿ ಲೆಕ್ಕ ಹಾಕಿ, ಸರಿ ಎಂದು ಒಪ್ಪಿ, ಆಮೇಲೂ "ಎಷ್ಟು ಕೊಡುತ್ತೆ" ಎಂದೇ ಕೇಳುತ್ತಿದ್ದರು.

ಆದರೆ ತಪ್ಪೋ ಸರಿಯೋ, ಮೈಲೇಜಿನ ಪ್ರಶ್ನೆಗೆ ಒಂದು ಸೌಕರ್ಯ ಇದೆ. ಅದರ ಬಿಲ್ಲು ಬಹುಪಾಲು ನನಗೇ ಬರುತ್ತದೆ. ಹೊಗೆಯ ಪಾಲು ಊರಿಗೆಲ್ಲ ಹೋಗುತ್ತದೆ, ನಿಜ. ಆದರೆ ಅದು ಎಷ್ಟು ತೆಳ್ಳಗೆ ಹರಡುತ್ತದೆಂದರೆ ಯಾರ ಮುಖವನ್ನೂ ನೆನೆದು ನಾಚಬೇಕಾಗಿಲ್ಲ. ತೂಕದ ಬಿಲ್ಲು ಹಾಗಲ್ಲ. ಬರ್ಕ್‌ಲಿಯ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಆಂಡರ್ಸನ್ ಮತ್ತು ಮ್ಯಾಕ್ಸಿಮಿಲಿಯನ್ ಔಫ್‌ಹ್ಯಾಮರ್ ಲಕ್ಷಾಂತರ ಅಪಘಾತಗಳ ದಾಖಲೆ ಜಾಲಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಗುದ್ದುವ ಗಾಡಿ ಸಾವಿರ ಪೌಂಡ್ (ಸುಮಾರು 450 ಕಿಲೋ) ಹೆಚ್ಚು ತೂಗಿದರೆ ಗುದ್ದಿಸಿಕೊಂಡ ಗಾಡಿಯಲ್ಲಿ ಸಾವಾಗುವ ಸಂಭವ ಶೇಕಡಾ 47ರಷ್ಟು ಏರುತ್ತದೆ. ನನ್ನ ಹಳೆಯ ಕಾರಿಗೂ ಹೊಸ ಎಸ್‌ಯುವಿಗೂ ನಡುವೆ ಅದಕ್ಕಿಂತ ಹೆಚ್ಚಿನ ತೂಕದ ಅಂತರ ಇತ್ತು. ಅಂದರೆ ನಾನು ಕೊಂಡ ಸುರಕ್ಷತೆಯನ್ನು ಯಾರೋ ಕಾರ್ಖಾನೆಯಲ್ಲಿ ತಯಾರಿಸಿದ್ದಲ್ಲ. ಅದರಲ್ಲಿ ಒಂದಷ್ಟನ್ನು ಎದುರು ಬರುವವರಿಂದ ಕಿತ್ತುಕೊಂಡಿದ್ದೆ. ಜನವರಿಯಲ್ಲಿ ನನ್ನ ಹೆಂಡತಿ ಎಲ್ಲಿ ಕೂತಿದ್ದಳೋ ಅಲ್ಲಿ ಈಗ ಇನ್ಯಾರೋ ಕೂತಿದ್ದರು. ಅವರೂ ಹೆದರಿ ದೊಡ್ಡದು ಕೊಳ್ಳುತ್ತಾರೆ. 2018ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ಮುಸ್ಟಾಂಗ್‌ನಂಥ ಒಂದೆರಡನ್ನು ಬಿಟ್ಟು ಉಳಿದ ಕಾರುಗಳನ್ನು ಅಮೆರಿಕದಲ್ಲಿ ಹಂತಹಂತವಾಗಿ ನಿಲ್ಲಿಸುವುದಾಗಿ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಇದೆಲ್ಲ ತಲೆಯಲ್ಲಿದ್ದ ಲೆಕ್ಕ. ಅದಕ್ಕೆ ಕೈಕಾಲು ಬಂದದ್ದು 2019ರ ನವೆಂಬರಿನ ಒಂದು ಸಂಜೆ. ನಮ್ಮ ಕಡೆಯ ಕನ್ನಡ ಕೂಟದವರು ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಹಿಂದಿನ ಸೀಟು ಮಡಚಿ ಪುಳಿಯೋಗರೆಯ ದೊಡ್ಡ ಟ್ರೇಗಳನ್ನು ತಂದಿದ್ದೆ. ಇಳಿಸಿದ ಮೇಲೆ ಗಾಡಿಯನ್ನು ಹಿಂದಿನ ಸಾಲಿಗೆ ಹಾಕಲು ಹೊರಟೆ. ಬ್ರೇಕಿನಿಂದ ಕಾಲು ಎತ್ತಿದ್ದೆ. ಗಾಡಿ ತೆವಳಲು ಶುರುವಾಗಿತ್ತು. ಬಾನೆಟ್ಟಿನ ಅಂಚಿನಲ್ಲಿ ಒಂದು ಕಂದು ಬಣ್ಣದ ಕೋಲಿನ ತುದಿ ಎಡದಿಂದ ಬಲಕ್ಕೆ ಹೋಗುತ್ತಿರುವುದು ಕಂಡಿತು. ಏನೆಂದು ತಿಳಿಯದೆಯೇ ಬ್ರೇಕ್ ಒತ್ತಿದೆ.

ಅದು ಒನಕೆ. ರಟ್ಟಿನ ಕೊಳವೆಗೆ ಕಂದು ಕಾಗದ ಸುತ್ತಿ ಮಾಡಿದ್ದು. ಅದನ್ನು ಹೆಗಲ ಮೇಲೆ ಹೊತ್ತು ಕಚ್ಚೆ ಸೀರೆಯ, ನಾಲ್ಕು ವರ್ಷದ ಓಬವ್ವ ಒಬ್ಬಳು ನನ್ನ ಬಾನೆಟ್ಟಿನ ಕೆಳಗೆ ನಡೆದು ಹೋಗುತ್ತಿದ್ದಳು. ಅವಳು ನನ್ನ ಕಡೆ ನೋಡಲೂ ಇಲ್ಲ. ಮೂರು ಗಾಡಿ ಆಚೆಯಿಂದ ಓಡಿ ಬಂದ ಅವಳ ತಾಯಿ ಕಿಟಕಿಯ ಹತ್ತಿರ ನಿಂತು ಏದುಸಿರು ಬಿಡುತ್ತಾ, "ಸಾರಿ ಸರ್, ಕೈ ಬಿಡಿಸ್ಕೊಂಡು ಓಡಿಬಿಟ್ಲು" ಎಂದರು. ಅವರೇ ನನ್ನ ಕ್ಷಮೆ ಕೇಳಿದರು.

ಒನಕೆ ಇಲ್ಲದಿದ್ದರೆ ಅವಳು ನನಗೆ ಕಾಣುತ್ತಿರಲಿಲ್ಲ. ಸಣ್ಣ ಕಾರಿನಲ್ಲಿ ಕಾಣುತ್ತಿದ್ದಳು. ಇಷ್ಟನ್ನು ಆ ರಾತ್ರಿಯೇ ಗ್ಯಾರೇಜಿನಲ್ಲಿ ಅಳತೆ ಪಟ್ಟಿ ಹಿಡಿದು ನೋಡಿದೆ. ಕಾರ್ಯಕ್ರಮದಲ್ಲಿ ಅವಳು ವೇದಿಕೆಗೆ ಬಂದು, ಮಾತು ಮರೆತು ಅತ್ತು, ಎಲ್ಲರಿಗಿಂತ ಜೋರು ಚಪ್ಪಾಳೆ ಗಿಟ್ಟಿಸಿದಳು. ನಾನು ಯಾರಿಗೂ ಏನೂ ಹೇಳಲಿಲ್ಲ.

ಮರುದಿನವೇ ಗಾಡಿ ಮಾರಬೇಕಿತ್ತು. ಮಾರಲಿಲ್ಲ. ಚಳಿಗಾಲ ಎದುರಿಗಿತ್ತು, ಪೆಟ್ರೋಲು ಅಗ್ಗವಿತ್ತು, ನಿಧಾನವಾಗಿ ಓಡಿಸುತ್ತೇನೆ ಎಂದುಕೊಂಡೆ. ಆಮೇಲೆ ಕೋವಿಡ್. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ಎಣ್ಣೆಯ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದು, ಎಣ್ಣೆ ತೆಗೆದುಕೊಂಡು ಹೋಗಿ, ದುಡ್ಡೂ ನಾವೇ ಕೊಡುತ್ತೇವೆ ಎನ್ನುವ ಸ್ಥಿತಿ ಬಂತು. ಆಗ ಗ್ಯಾರೇಜಿನಿಂದ ಹೊರಗೆ ತೆಗೆದವರೇ ಇಲ್ಲ. ಹೀಗೆ ಎರಡೂವರೆ ವರ್ಷ ಕಳೆಯಿತು.

2022ರ ವಸಂತದಲ್ಲಿ ಮಗಳಿಗೆ ಹದಿನಾರಾಗಿ ಲೈಸೆನ್ಸ್ ಬಂತು. ಹೆಂಡತಿ, "ಅವಳಿಗೆ ದೊಡ್ಡದನ್ನೇ ಕೊಡಿ. ಯಾರಾದ್ರೂ ಗುದ್ದಿದ್ರೂ ಏನಾಗಲ್ಲ" ಎಂದಳು. ಅವಳ ಕೈ ತಾನಾಗಿ ಕತ್ತಿನ ಹಿಂದೆ ಹೋಗಿತ್ತು. ಮಗಳು, "ಅಪ್ಪಾ, ಅದ್ರಲ್ಲಿ ಮುಂದೆ ಏನಿದೆ ಅಂತಾನೇ ಕಾಣಲ್ಲ" ಎಂದಳು. ಆಗ ಒನಕೆಯ ವಿಷಯ ಹೇಳಿದೆ. ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ ರೀ. ಆದ್ರೆ ಎದುರಿಂದ ಬರೋರೆಲ್ಲ ದೊಡ್ಡದ್ರಲ್ಲೇ ಬರ್ತಾರಲ್ಲ?" ಎಂದಳು.

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಎಲ್ಲರೂ ಆಯುಧ ಹಿಡಿದ ಬೀದಿಯಲ್ಲಿ ನಾನು ಬರಿಗೈಯಲ್ಲಿ ಹೋಗುತ್ತೇನೆ ಎನ್ನುವುದು ನನ್ನ ಮಟ್ಟಿಗೆ ಸರಿ. ಮಗಳನ್ನು ಬರಿಗೈಯಲ್ಲಿ ಕಳಿಸುತ್ತೇನೆ ಎನ್ನುವುದು ಬೇರೆ ಮಾತು. ಓಬವ್ವನಂಥ ಮಗುವಿಗೆ ಬಂದರೂ ತೂಕ, ನನ್ನ ಮಗಳಿಗೆ ಬಂದರೂ ತೂಕ. ಎರಡನ್ನೂ ಒಂದೇ ತಕ್ಕಡಿಯಲ್ಲಿಡಬೇಕು ಎಂದು ಕಾಂಟ್ ಹೇಳುತ್ತಾನೆ. ಅವನಿಗೆ ಮಕ್ಕಳಿರಲಿಲ್ಲ.

ಕೊನೆಗೆ ನಮ್ಮ ಜಗಳ ತೀರಿಸಿದ್ದು ಬಂಕಿನ ಕಂಬ. ಜೂನ್‌ನಲ್ಲಿ ದೇಶದ ಸರಾಸರಿ ಮೊದಲ ಸಲ ಗ್ಯಾಲನ್ನಿಗೆ ಐದು ಡಾಲರ್ ದಾಟಿತು. ಟ್ಯಾಂಕು ತುಂಬಿಸಲು ನೂರು ಡಾಲರ್ ಕೊಟ್ಟ ದಿನ ಸಂಜೆಯೇ ಗಾಡಿಯನ್ನು ಮಾರಾಟಕ್ಕಿಟ್ಟೆ. ಮೂವತ್ತೊಂದು ತಿಂಗಳು ನನ್ನಿಂದಾಗದ್ದನ್ನು ಒಂದು ರಸೀದಿ ಮಾಡಿಸಿತು. ಚಿಪ್ಪುಗಳ ಕೊರತೆಯಿಂದ ಹಳೆಯ ಗಾಡಿಗಳಿಗೆ ಆಗ ಒಳ್ಳೆಯ ಬೆಲೆಯೂ ಇತ್ತು. ಆ ದುಡ್ಡಿನಲ್ಲಿ ಮಗಳಿಗೆ ತಾನಾಗಿ ಬ್ರೇಕ್ ಹಾಕಿಕೊಳ್ಳುವ, ಅಪಘಾತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಮಧ್ಯಮ ಗಾತ್ರದ ಕಾರು ಕೊಂಡೆವು. ನಾನು ಹಳೆಯ ಸಣ್ಣದಕ್ಕೆ ಮರಳಿದೆ.

ಗಾಡಿ ನೋಡಲು ಒಂದು ಎಳೆಯ ಜೋಡಿ ಬಂತು, ಕಂಕುಳಲ್ಲಿ ಎಂಟು ತಿಂಗಳ ಮಗು. ಅವನು ಟೈರು, ಎಂಜಿನ್ ನೋಡಿದ. ಅವಳು ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಕೂರುತ್ತದೆಯೇ ಎಂದು ನೋಡಿದಳು. ಹಿಂದಿನ ತಿಂಗಳು ಅವರ ಸಣ್ಣ ಕಾರಿಗೆ ಯಾರೋ ಗುದ್ದಿದ್ದರಂತೆ. ಆ ಕ್ಷಣದಲ್ಲಿ ನನಗೆ 2009ರ ಗಾಜಿನ ದ್ರಾವಣ ನೆನಪಾಯಿತು. ನಾನು ಇಳಿದ ಮಾತ್ರಕ್ಕೆ ಗಾಡಿ ರಸ್ತೆ ಬಿಟ್ಟು ಹೋಗುವುದಿಲ್ಲ. ಬಾನೆಟ್ಟು ಅಷ್ಟೇ ಎತ್ತರ, ತೂಕವೂ ಅಷ್ಟೇ. ಸ್ಟೀರಿಂಗಿನ ಮುಂದೆ ಕೂತು ನೋಡಿದ ಅವಳು, "ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ ಎಂದೆ. ಅವನು ಚೆಕ್ ಬರೆದ. ಎರಡೂ ಕೀ ಕೊಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರ ನಂಬರಿಗೆ, ಗಾಡಿಯ ಮುಂದೆ ಹತ್ತಿರದಲ್ಲಿ ಚಿಕ್ಕ ಮಕ್ಕಳು ಕಾಣುವುದಿಲ್ಲ, ಮುಂಭಾಗಕ್ಕೊಂದು ಕ್ಯಾಮೆರಾ ಹಾಕಿಸಿಕೊಳ್ಳಿ ಎಂದು ಮೆಸೇಜು ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿನ ಚಿತ್ರ ಬಂತು. ಹಾಕಿಸಿದರೋ ಇಲ್ಲವೋ, ನಾನು ಮತ್ತೆ ಕೇಳಲಿಲ್ಲ.